ರೂಗರ್ 10/22: ಒಬ್ಬರು ಚಿನ್ನ ಅಂತಾರೆ, ಇನ್ನೊಬ್ಬರು ತಲೆನೋವು ಅಂತಾರೆ. ಯಾರನ್ನು ನಂಬೋದು?

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ. ಟೆಕ್ಸಾಸ್‌ಗೆ ಬಂದು ಸುಮಾರು ವರ್ಷ ಆಯ್ತು, ಈಗ ಗ್ರೀನ್ ಕಾರ್ಡ್ ಇದೆ. ಆಸ್ಟಿನ್ ಹೊರಗೆ ಸ್ವಲ್ಪ ಜಾಗ ತಗೊಂಡಿದ್ದೇವೆ. ಊರಲ್ಲಿ ಅಪ್ಪನ ಜೋಡಿ ನಳಿಗೆ ಕೋವಿ ನೋಡಿಕೊಂಡು ಬೆಳೆದವನು ನಾನು. ಸೆಮಿ-ಆಟೊಮ್ಯಾಟಿಕ್ ಮಾತ್ರ ಯಾವತ್ತೂ ಹಿಡಿದಿಲ್ಲ. ಮಗಳಿಗೆ 19 ವರ್ಷ. ಅವಳ ಜತೆ ಗುರಿ ಹೊಡೆಯುವುದನ್ನು ಕಲಿಯೋಣ ಎಂದು ರೂಗರ್ ಕಂಪನಿಯ 10/22 ರೈಫಲ್ ನೋಡುತ್ತಿದ್ದೇನೆ. ಪಕ್ಕದ ಮನೆಯವರು ‘30 ವರ್ಷದಿಂದ ಇದೆ, ಒಂದು ಸಲಾನೂ ಕೈ ಕೊಟ್ಟಿಲ್ಲ’ ಅಂತಾರೆ. ಆಫೀಸಿನ ಗೆಳೆಯ ‘ಹೊಸದು ತಗೊಂಡೆ, ಪ್ರತಿ ಮ್ಯಾಗಜೀನ್‌ಗೂ (ತೋಟಾ ತುಂಬುವ ಡಬ್ಬಿ) ತೋಟಾ ಸಿಕ್ಕಿಕೊಳ್ಳುತ್ತೆ, ಈಗಿನದು ಬರೀ ಪ್ಲಾಸ್ಟಿಕ್’ ಅಂತಾನೆ. ಯಾರ ಮಾತು ನಂಬಲಿ? ಇನ್ನೊಂದು ವಿಷಯ. ಭಾವಮೈದ ಎಚ್-1ಬಿ ವೀಸಾದಲ್ಲಿದ್ದಾನೆ. ಅವನನ್ನೂ ರೇಂಜಿಗೆ ಕರೆದುಕೊಂಡು ಹೋಗಬಹುದಾ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಇಬ್ಬರ ಮಾತಿನಲ್ಲೂ ಅರ್ಧ ಸಂಗತಿ ಬಿಟ್ಟುಹೋಗಿದೆ. ಪಕ್ಕದ ಮನೆಯವರು ಯಾವ ತೋಟಾ ಹಾಕುತ್ತಾರೆ, ವರ್ಷಕ್ಕೆ ಎಷ್ಟು ಈಡು ಹೊಡೆಯುತ್ತಾರೆ? ಗೆಳೆಯರದು ಯಾವ ಮ್ಯಾಗಜೀನ್, ಒಳಗಿನ ಭಾಗ ಏನಾದರೂ ಬದಲಾಯಿಸಿದ್ದಾರಾ? ಇಷ್ಟು ಗೊತ್ತಾಗದೆ 10/22 ಬಗ್ಗೆ ಯಾರು ಏನು ಹೇಳಿದರೂ ಅದರಿಂದ ನಿಮಗೆ ಉಪಯೋಗ ಇಲ್ಲ.

ನಾನು ಇಲ್ಲಿ ಬಂದೂಕು ರಿಪೇರಿ ಮಾಡುತ್ತೇನೆ, ರೇಂಜಿನಲ್ಲಿ ಹೊಸಬರಿಗೆ ಕಲಿಸುತ್ತೇನೆ. ‘ಸಿಕ್ಕಿಕೊಳ್ಳುತ್ತೆ’ ಎಂದು ನನ್ನ ಹತ್ತಿರ ಬರುವ 10/22ಗಳಲ್ಲಿ ಹೆಚ್ಚಿನವಕ್ಕೆ ರೈಫಲ್ ರಿಪೇರಿಯೇ ಬೇಕಾಗುವುದಿಲ್ಲ. ತೋಟಾ ಬದಲಾಯಿಸಿದರೆ, ಇಲ್ಲವೇ ಮ್ಯಾಗಜೀನ್ ಬಿಚ್ಚಿ ಒರೆಸಿದರೆ ಸರಿಹೋಗುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಧೈರ್ಯವಾಗಿ ತಗೊಳ್ಳಿ. ಅಪ್ಪ ಮಗಳು ಕಲಿಯೋದಕ್ಕೆ ಇದಕ್ಕಿಂತ ಒಳ್ಳೆಯ ಸೆಮಿ-ಆಟೊಮ್ಯಾಟಿಕ್ ನಾನು ತೋರಿಸಲಾರೆ. ಆದರೆ ಅದರ ಸ್ವಭಾವ ತಿಳಿದುಕೊಂಡು ತಗೊಳ್ಳಿ.

ಈ ರೈಫಲ್ ಮಾರುಕಟ್ಟೆಗೆ ಬಂದಿದ್ದು 1964ರಲ್ಲಿ. ಅಂದಿನಿಂದ ಅರ್ಧ ಕೋಟಿಗೂ ಜಾಸ್ತಿ ಮಾರಾಟವಾಗಿವೆ. ಈ ಸಂಖ್ಯೆ ಮನಸ್ಸಿನಲ್ಲಿರಲಿ. ಅಷ್ಟು ರೈಫಲ್‌ಗಳಲ್ಲಿ ನೂರಕ್ಕೆ ಒಂದು ಕೆಟ್ಟಿದ್ದರೂ ದೂರುವವರು 50 ಸಾವಿರ ಜನ ಆಗುತ್ತಾರೆ. ಚೆನ್ನಾಗಿ ನಡೆಯುತ್ತಿರುವವರು ಬಾಯಿ ಬಿಡುವುದಿಲ್ಲ, ಕಾಡುವ ರೈಫಲ್ ಇರುವವರು ಸುಮ್ಮನಿರುವುದಿಲ್ಲ. ದೂರು ಜಾಸ್ತಿ ಕೇಳಿಸಿದರೆ ವಸ್ತುವೇ ಸರಿಯಿಲ್ಲ ಎಂದು ಆಗಲೇ ತೀರ್ಮಾನಿಸಬೇಡಿ. ಹಾಗೆಯೇ ‘30 ವರ್ಷ’ ಎನ್ನುವುದನ್ನೂ ಸ್ವಲ್ಪ ಕೆದಕಿ ಕೇಳಿ. ವರ್ಷಕ್ಕೊಮ್ಮೆ 50 ತೋಟಾದ ಒಂದು ಪೆಟ್ಟಿಗೆ ಖಾಲಿ ಮಾಡುವವರಿಗೆ 30 ವರ್ಷಕ್ಕೆ ಆಗುವುದು 1500 ಈಡು. ಉತ್ಸಾಹ ಇರುವ ಹುಡುಗರು ಅಷ್ಟನ್ನು ಎರಡು ಮೂರು ವಾರಾಂತ್ಯದಲ್ಲಿ ಮುಗಿಸುತ್ತಾರೆ. ಬಂದೂಕಿನ ವಯಸ್ಸನ್ನು ವರ್ಷದಲ್ಲಿ ಅಳೆಯಬಾರದು, ಈಡಿನಲ್ಲಿ ಅಳೆಯಬೇಕು.

ಈಗ ತೋಟಾ ವಿಷಯಕ್ಕೆ ಬರೋಣ. ಮುಕ್ಕಾಲು ಪಾಲು ಜಗಳ ಇರುವುದೇ ಇಲ್ಲಿ.

ನಿಮ್ಮ ತಂದೆಯವರ ಜೋಡಿ ನಳಿಗೆಯಲ್ಲಿ ಎಲ್ಲ ಕೆಲಸವೂ ಕೈಯದೇ. ಕೋವಿ ಮುರಿದು (ಕೀಲಿನಲ್ಲಿ ಬಗ್ಗಿಸಿ ತೆರೆದು) ತೋಟಾ ತುಂಬೋದು ಕೈ, ಮತ್ತೆ ಮುಚ್ಚೋದು ಕೈ. ತೋಟಾ ಸ್ವಲ್ಪ ಸಪ್ಪೆ ಇದ್ದರೂ ಕೋವಿಗೆ ಏನೂ ಆಗುವುದಿಲ್ಲ. 10/22ರಲ್ಲಿ ಹಾಗಲ್ಲ. ಒಂದು ಈಡು ಹಾರಿದ ಮೇಲೆ ಖಾಲಿ ಕೇಸನ್ನು (ತೋಟಾದ ಲೋಹದ ಕವಚ) ಹೊರಗೆ ಎಸೆದು, ಮುಂದಿನ ತೋಟಾವನ್ನು ಒಳಗೆ ತಳ್ಳಬೇಕಾದ ಶಕ್ತಿ ಬರುವುದು ಆಗ ತಾನೇ ಸಿಡಿದ ತೋಟಾದಿಂದಲೇ. ಇದರಲ್ಲಿ ಬೋಲ್ಟನ್ನು (ತೋಟಾದ ಹಿಂದೆ ಮುಚ್ಚಿಕೊಂಡು ಹಿಂದೆ ಮುಂದೆ ಜಾರುವ ಉಕ್ಕಿನ ತುಂಡು) ಹಿಡಿದಿಡುವ ಬೀಗ ಏನೂ ಇಲ್ಲ. ಬೋಲ್ಟಿನ ತೂಕ, ಅದನ್ನು ಮುಂದಕ್ಕೆ ದೂಡುವ ಸ್ಪ್ರಿಂಗ್, ಎರಡೇ. ಗ್ಯಾಸ್ ಖಾಲಿ ಕೇಸನ್ನು ಹಿಂದಕ್ಕೆ ಒದೆಯುತ್ತದೆ, ಕೇಸ್ ಬೋಲ್ಟನ್ನು ತಳ್ಳುತ್ತದೆ. ಬ್ಲೋಬ್ಯಾಕ್ ಎಂದು ಕರೆಯುವುದು ಇದನ್ನೇ. ಇಷ್ಟು ಸರಳ ಆಗಿರುವುದರಿಂದಲೇ ಇದು ಗಟ್ಟಿ. ತೋಟಾ ದುರ್ಬಲವಾಗಿದ್ದರೆ ಮುಗ್ಗರಿಸುವುದೂ ಇದರಿಂದಲೇ. ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ, ಖಾಲಿ ಕೇಸ್ ಹೊರಬೀಳುವ ಕಿಂಡಿಯಲ್ಲೇ ನೆಟ್ಟಗೆ ನಿಂತುಬಿಡುತ್ತದೆ.

ಅಂಗಡಿಯಲ್ಲಿ ಎಲ್ಲದರ ಮೇಲೂ .22 ಎಲ್ಆರ್ (ಲಾಂಗ್ ರೈಫಲ್, ಈ ರೈಫಲ್ ಬಳಸುವ ತೋಟಾದ ಹೆಸರು) ಎಂದೇ ಬರೆದಿರುತ್ತದೆ. ಒಳಗಿನ ಮದ್ದು ಮಾತ್ರ ಒಂದೇ ಅಲ್ಲ. ಸಿಸಿಐ ಕಂಪನಿಯ ಮಿನಿ-ಮ್ಯಾಗ್ ತೋಟಾದ 40 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1235 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ 1070 ಅಡಿ. ಕ್ವೈಟ್-22 ಎಂಬುದು ಬರೀ 710 ಅಡಿ. ಈ ಕೊನೆಯದನ್ನು ಹಾಕಿದರೆ ಹೆಚ್ಚಿನ ಸೆಮಿ-ಆಟೊಮ್ಯಾಟಿಕ್‌ಗಳಲ್ಲಿ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾಗುತ್ತದೆ. ಸದ್ದು ಕಡಿಮೆ ಎಂದು ಅದನ್ನು ತಂದು, ರೈಫಲ್ ಸರಿಯಿಲ್ಲ ಎಂದು ಬೈಯುವವರು ಇದ್ದಾರೆ. ತಪ್ಪು ರೈಫಲ್‌ದಲ್ಲ.

ಸಿಡಿಯದೆ ಉಳಿಯುವ ತೋಟಾ ಇನ್ನೊಂದು ಕಥೆ. .22 ಎಲ್ಆರ್ ರಿಮ್‌ಫೈರ್ ಜಾತಿಯದು. ದೊಡ್ಡ ರೈಫಲ್‌ಗಳ ತೋಟಾದ ನಡುವೆ ಇರುವಂಥ ಪ್ರೈಮರ್ ಇದರಲ್ಲಿ ಇಲ್ಲ. ಕಿಡಿ ಹತ್ತಿಸುವ ರಾಸಾಯನಿಕ ತಳದ ಅಂಚಿನ ಒಳಗೆ ಸುತ್ತಲೂ ಇರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಹಸಿಯಾಗಿ ಹಾಕಿ, ಕೇಸನ್ನು ಗಿರಗಿರ ತಿರುಗಿಸಿ ಅಂಚಿಗೆ ಹರಡುತ್ತಾರೆ. ಎಲ್ಲೋ ಒಂದು ಕಡೆ ಹರಡದೆ ಉಳಿದು, ಅಂಚಿಗೆ ಬಡಿಯುವ ಪಿನ್ ಅಲ್ಲೇ ಬಿದ್ದರೆ ತೋಟಾ ಸಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಸುರಿದು ಅಗ್ಗಕ್ಕೆ ಮಾರುವ ಬಲ್ಕ್ ತೋಟಾಗಳಲ್ಲಿ ಇದು ಜಾಸ್ತಿ.

ಪರೀಕ್ಷೆ ಸುಲಭ. ಈಡು ಹಾರದಿದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ, ಅದಕ್ಕೆ. ಆಮೇಲೆ ತೋಟಾ ಹೊರಗೆ ತೆಗೆದು ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ ಬಿದ್ದ ಗುರುತು ಆಳವಾಗಿ, ಚೌಕಾಕಾರದಲ್ಲಿ ಸ್ಪಷ್ಟವಾಗಿ ಕಂಡರೆ ರೈಫಲ್ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಗುರುತು ತೇಲಿದಂತಿದ್ದರೆ ಬೋಲ್ಟ್ ಪೂರ್ತಿ ಮುಚ್ಚಿಕೊಂಡಿಲ್ಲ ಅಥವಾ ಪಿನ್ ಓಡಾಡುವ ಜಾಗದಲ್ಲಿ ಕೊಳೆ ಕೂತಿದೆ ಎಂದು ಅರ್ಥ. ನಿಮ್ಮ ಗೆಳೆಯರಿಗೆ ಮೊದಲು ಇದನ್ನೇ ನೋಡಲು ಹೇಳಿ.

ಇದರ ಜತೆಗೇ ಇನ್ನೊಂದು ಮಾತು. ಈಡು ಹಾರಿದಾಗ ಸದ್ದು ಮಂಕಾಗಿ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಹಾಳಾಗುತ್ತದೆ, ನಿಮಗೂ ಪೆಟ್ಟಾಗಬಹುದು. ರೈಫಲ್ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಕಾಣುತ್ತಾ ನೋಡಿದ ಮೇಲೆಯೇ ಮುಂದುವರಿಯಬೇಕು. ಮಗಳಿಗೆ ಗುರಿ ಹಿಡಿಯೋದು ಕಲಿಸುವ ಮೊದಲು ಇದನ್ನು ಕಲಿಸಿ.

ಮ್ಯಾಗಜೀನ್ ಈ ರೈಫಲ್‌ನ ನಿಜವಾದ ಜಾಣ್ಮೆ. 10 ತೋಟಾ ಹಿಡಿಯುವ ಬಿಎಕ್ಸ್-1 ಎಂಬ ಈ ಮ್ಯಾಗಜೀನ್ ರೈಫಲ್‌ನ ಹೊಟ್ಟೆಗೆ ಸಮವಾಗಿ ಕೂತುಬಿಡುತ್ತದೆ, ಹೊರಗೆ ಚಾಚುವುದಿಲ್ಲ. ಒಳಗೆ ತಿರುಗುವ ಹಲ್ಲಿನ ಚಕ್ರ ಇದೆ. ಪ್ರತಿ ತೋಟಾಕ್ಕೂ ಅದರಲ್ಲಿ ಒಂದೊಂದು ಖಾನೆ. .22 ತೋಟಾದ ತಳದ ಅಂಚು ಹೊರಕ್ಕೆ ಚಾಚಿರುತ್ತದೆ. ನೆಟ್ಟನೆಯ ಮ್ಯಾಗಜೀನ್‌ಗಳಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಹಾಕಿಕೊಳ್ಳುವ ಅಪಾಯ ಯಾವಾಗಲೂ ಇರುತ್ತದೆ. ಈ ಚಕ್ರದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ತೋಟಾವನ್ನು ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ದಾಟಿಸುವ ತುಟಿಗಳು ಉಕ್ಕಿನವು. ವರ್ಷಗಟ್ಟಲೆ ಸವೆಯುವುದಿಲ್ಲ.

ಆದರೆ ಇದಕ್ಕೂ ಆರೈಕೆ ಬೇಕು. .22 ಗುಂಡಿನ ಮೇಲೆ ಮೇಣದಂಥ ಲೇಪ ಇರುತ್ತದೆ. ಅದು, ಮಸಿ, ಮರಳು ಎಲ್ಲ ಸೇರಿ ಚಕ್ರ ಭಾರ ಆಗುತ್ತದೆ. ಕೆಲವರು ಅದಕ್ಕೆ ಎಣ್ಣೆ ಸುರಿಯುತ್ತಾರೆ. ಎಣ್ಣೆಗೆ ಇನ್ನಷ್ಟು ಕೊಳೆ ಅಂಟಿಕೊಳ್ಳುತ್ತದೆ, ಅಷ್ಟೇ. ಒಂದು ಸ್ಕ್ರೂ ಬಿಚ್ಚಿದರೆ ಪೂರ್ತಿ ಕೈಗೆ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸ್ಪ್ರಿಂಗಿಗೆ ಮತ್ತೆ ಸರಿಯಾದಷ್ಟೇ ಬಿಗಿ ಕೊಟ್ಟು ಮುಚ್ಚಬೇಕು. ಆ ಬಿಗಿ ಕಮ್ಮಿಯಾದರೆ ಕೊನೆಯ ಎರಡು ಮೂರು ತೋಟಾ ಮೇಲೆ ಬರಲು ಸೋಮಾರಿತನ ಮಾಡುತ್ತವೆ. ‘ಮೊದಲ ಏಳು ಚೆನ್ನಾಗಿ ಹೋಗುತ್ತೆ, ಆಮೇಲೆ ಕೈ ಕೊಡುತ್ತೆ’ ಎಂದು ಯಾರಾದರೂ ಹೇಳಿದರೆ ನಾನು ರೈಫಲ್ ಮುಟ್ಟುವುದೇ ಇಲ್ಲ, ಮ್ಯಾಗಜೀನ್ ಕೇಳುತ್ತೇನೆ.

ದೊಡ್ಡ ಮ್ಯಾಗಜೀನ್‌ಗಳ ವಿಷಯದಲ್ಲಿ ಹುಷಾರು. ರೂಗರ್‌ನವರದೇ 25 ತೋಟಾದ ಬಿಎಕ್ಸ್-25 ಬಂದಿದ್ದು 2011ರಲ್ಲಿ. ಅದಕ್ಕೂ ಮೊದಲು ದೊಡ್ಡ ಮ್ಯಾಗಜೀನ್ ಬೇಕು ಎಂದವರು ಬೇರೆಯವರು ಮಾಡಿದ್ದನ್ನೇ ಕೊಳ್ಳಬೇಕಿತ್ತು. ಅವುಗಳ ಗುಣಮಟ್ಟ ಒಂದೊಂದೂ ಒಂದೊಂದು ಥರ. ‘10/22 ಜಾಮ್ ಆಗುತ್ತೆ’ ಎಂಬ ಹಳೆಯ ಹೆಸರಿನಲ್ಲಿ ದೊಡ್ಡ ಪಾಲು ಅವುಗಳದು. ನಿಮಗೆ ಅವೆಲ್ಲ ಬೇಡ. ಕಲಿಯುವವರಿಗೆ 10 ತೋಟಾ ಸಾಕು. ಪ್ರತಿ ಹತ್ತಕ್ಕೊಮ್ಮೆ ನಿಲ್ಲಿಸಿ, ಗುರಿ ನೋಡಿ, ಮಾತಾಡಿ ಮುಂದೆ ಹೋಗುವುದೇ ಒಳ್ಳೆಯ ಅಭ್ಯಾಸ.

ಹಾಗಾದರೆ ರೈಫಲ್‌ನಲ್ಲೇ ಕೊರತೆ ಇಲ್ಲವಾ? ಇದೆ. ದೂರುವವರ ಪರವಾಗಿ ಇದನ್ನೂ ಹೇಳಬೇಕು.

ಮೊದಲನೆಯದು, ನನಗೆ ಎಲ್ಲಕ್ಕಿಂತ ಗಂಭೀರ ಅನಿಸುವುದು: ಕೊನೆಯ ಈಡು ಹಾರಿದ ಮೇಲೆ ಇದರ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಖಾಲಿಯೋ ತುಂಬಿದೆಯೋ ತಿಳಿಯುವುದಿಲ್ಲ. ಜೋಡಿ ನಳಿಗೆ ಅಭ್ಯಾಸ ಆದವರಿಗೆ ಇದು ಹೊಸದು, ಅಲ್ವಾ? ಮುರಿದರೆ ಎರಡೂ ತೂತು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ತೋಟಾ ಇರಬಹುದು. ಆದ್ದರಿಂದ ಕ್ರಮ ಇದೇ ಇರಲಿ: ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆದು ಲಾಕ್ ಮಾಡಿ, ಚೇಂಬರಿಗೆ ಕಣ್ಣು ಹಾಕಿ, ಕಿರುಬೆರಳಿಟ್ಟೂ ನೋಡಿ.

ಆ ಲಾಕ್ ಮಾಡುವುದೇ ಎರಡನೆಯ ದೂರು. ಟ್ರಿಗರ್ ಮುಂದೆ ಇರುವ ಪುಟ್ಟ ಲಿವರ್ ಅನ್ನು ಒಂದು ಕಡೆ ಒತ್ತಿದರೆ ಬೋಲ್ಟ್ ನಿಲ್ಲುತ್ತದೆ. ಬಿಡಿಸಲು ಇನ್ನೊಂದು ಕಡೆ ಒತ್ತಿಕೊಂಡೇ ಬೋಲ್ಟನ್ನು ಎಳೆದು ಬಿಡಬೇಕು. ಹೊಸಬರು ಇಲ್ಲಿ ಒದ್ದಾಡುತ್ತಾರೆ, ಹಾಗೆ ಒದ್ದಾಡುವಾಗ ನಳಿಗೆ ಅಡ್ಡಾದಿಡ್ಡಿ ತಿರುಗುತ್ತದೆ. ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ ಇದನ್ನು ಕೈಗೆ ಅಭ್ಯಾಸ ಮಾಡಿಸಿ. ನೋಡದೆ ಮಾಡುವಷ್ಟು ಆದ ಮೇಲೆ ರೇಂಜಿಗೆ ಹೋಗಿ.

ಮೂರನೆಯದು ಸ್ವಚ್ಛ ಮಾಡುವ ಕಷ್ಟ. ಸಾಮಾನ್ಯ ಮಾದರಿಗಳಲ್ಲಿ ರಿಸೀವರಿನ (ಬೋಲ್ಟ್ ಓಡಾಡುವ ಲೋಹದ ಕವಚ) ಹಿಂಭಾಗ ಮುಚ್ಚಿರುತ್ತದೆ. ಹಿಂದಿನಿಂದ ಕಂಬಿ ತೂರಿಸಲು ಆಗುವುದಿಲ್ಲ, ಮುಂದಿನಿಂದಲೇ ತೂರಿಸಬೇಕು. ಗಟ್ಟಿ ಕಂಬಿ ನಳಿಗೆಯ ಬಾಯಿಗೆ ಉಜ್ಜಿ ಉಜ್ಜಿ ಗುರಿಯೇ ಕೆಡಬಹುದು. ಚೇಂಬರ್ ಕಡೆಯಿಂದ ಇಳಿಬಿಟ್ಟು ಎಳೆಯುವ ಹಗ್ಗದಂಥ ಬ್ರಷ್ ಸಿಗುತ್ತದೆ, ಅದನ್ನು ತಗೊಳ್ಳಿ. ನಳಿಗೆಯನ್ನು ದಿನಾ ಉಜ್ಜಬೇಕಿಲ್ಲ. ಚೇಂಬರ್ ಮಾತ್ರ ಕೊಳೆ ಕಟ್ಟಲು ಬಿಡಬೇಡಿ. ಖಾಲಿ ಕೇಸ್ ಅಲ್ಲೇ ಅಂಟಿಕೊಂಡು ಉಳಿಯಲು ಶುರುವಾದರೆ ಕಾರಣ ಬಹಳ ಸಲ ಅದೇ.

ಫ್ಯಾಕ್ಟರಿ ಟ್ರಿಗರ್ ಸ್ವಲ್ಪ ಬಿರುಸು ಎಂಬುದೂ ನಿಜ. ಕಲಿಯುವವರಿಗೆ ಅದು ತೊಂದರೆಯಲ್ಲ, ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಕೈ ಕೂತ ಮೇಲೆ ರೂಗರ್‌ನವರದೇ ಹಗುರ ಟ್ರಿಗರ್ ಜೋಡಣೆ ಸಿಗುತ್ತದೆ, ಎರಡು ಪಿನ್ ತೆಗೆದು ಹಾಕಬಹುದು.

‘ಈಗಿನದು ಬರೀ ಪ್ಲಾಸ್ಟಿಕ್’ ಎಂಬ ಮಾತಿಗೆ ಬರುತ್ತೇನೆ. 2000ರ ದಶಕದ ಕೊನೆಗೆ ಟ್ರಿಗರ್ ಕೂರುವ ಚೌಕಟ್ಟನ್ನು ಅಲ್ಯೂಮಿನಿಯಂನಿಂದ ಪಾಲಿಮರ್‌ಗೆ ಬದಲಾಯಿಸಿದ್ದು ಹೌದು. ರಿಸೀವರ್ ಈಗಲೂ ಅಲ್ಯೂಮಿನಿಯಂ, ಮೊದಲೂ ಅಲ್ಯೂಮಿನಿಯಂ. ಬೋಲ್ಟ್ ಉಕ್ಕಿನದು, ನಳಿಗೆಯೂ ಉಕ್ಕಿನದು. ಹಳೆಯ ವಾಲ್‌ನಟ್ ಮರದ ಹಿಡಿ ನೋಡಲು ಬಲು ಚೆಂದ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪಾಲಿಮರ್ ಚೌಕಟ್ಟಿನಿಂದಲೇ ರೈಫಲ್ ಸಿಕ್ಕಿಕೊಂಡಿದ್ದನ್ನು ನಾನು ನೋಡಿಲ್ಲ. ಗೆಳೆಯರ ತೊಂದರೆಗೆ ಪ್ಲಾಸ್ಟಿಕ್ ಕಾರಣ ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಅವರು ಒಳಗೆ ಏನಾದರೂ ಬದಲಾಯಿಸಿದ್ದಾರಾ ಎಂದು ಕೇಳಿ ಎಂದೆನಲ್ಲ, ಅದಕ್ಕೆ ಕಾರಣ ಇದೆ. ಇದರ ನಳಿಗೆ ರಿಸೀವರಿಗೆ ಕೂರುವುದು ವಿ-ಬ್ಲಾಕ್ ಎಂಬ ತುಂಡು ಮತ್ತು ಎರಡು ಸ್ಕ್ರೂಗಳಿಂದ. ಮನೆಯಲ್ಲೇ ಬಿಚ್ಚಬಹುದು. ಹಾಗಾಗಿ ನಳಿಗೆ, ಟ್ರಿಗರ್, ಖಾಲಿ ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರ್, ಸ್ಪ್ರಿಂಗ್ ಎಲ್ಲವನ್ನೂ ಬೇರೆಬೇರೆ ಕಂಪನಿಗಳು ಮಾಡಿ ಮಾರುತ್ತವೆ. ರೂಗರ್ ಹೆಸರೇ ಇಲ್ಲದ, ಪೂರ್ತಿ ಹೊರಗಿನ ಭಾಗಗಳಿಂದ ಕಟ್ಟಿದ ‘10/22’ಗಳೂ ಇವೆ. ಫ್ಯಾಕ್ಟರಿ ಚೇಂಬರನ್ನು ಸ್ವಲ್ಪ ಸಡಿಲ ಇಟ್ಟಿರುತ್ತಾರೆ, ಯಾವ ತೋಟಾ ಹಾಕಿದರೂ ನುಂಗಲಿ ಎಂದು. ಸ್ಪರ್ಧೆಯ ನಳಿಗೆಗಳಲ್ಲಿ ಚೇಂಬರ್ ಬಿಗಿ. ಗುರಿ ಚೆನ್ನಾಗಿ ಬರುತ್ತದೆ, ಆದರೆ ಅಗ್ಗದ ತೋಟಾ ಅದಕ್ಕೆ ಆಗಿಬರುವುದಿಲ್ಲ. ನಳಿಗೆ ಬದಲಾಯಿಸಿದವರು ‘ನನ್ನ 10/22ಗೆ ಎಲ್ಲ ತೋಟಾ ಒಗ್ಗಲ್ಲ’ ಎಂದರೆ, ಅವರು ಮಾತಾಡುತ್ತಿರುವುದು ನೀವು ಅಂಗಡಿಯಲ್ಲಿ ಕೊಳ್ಳುವ ರೈಫಲ್ ಬಗ್ಗೆ ಅಲ್ಲ.

ಗುರಿ ಎಷ್ಟು ನಿಖರ ಎಂದು ಕೇಳಿದರೆ, 18.5 ಇಂಚು ನಳಿಗೆಯ ಸಾಮಾನ್ಯ ಕಾರ್ಬೈನ್ (ಗಿಡ್ಡ ರೈಫಲ್) 50 ಗಜಕ್ಕೆ ಸುಮಾರು ಒಂದೂವರೆ ಎರಡು ಇಂಚಿನೊಳಗೆ ಗುಂಡು ಕೂರಿಸಿದರೆ ಸಂತೋಷ ಪಡಿ. ಕಲಿಕೆಗೆ ಧಾರಾಳ ಸಾಕು. ಅದಕ್ಕಿಂತ ಬೇಕಾದರೆ ಮೊದಲು ತೋಟಾ ಬದಲಾಯಿಸಿ ನೋಡಿ.

ಈಗ ನೀವು ಮಾಡಬೇಕಾದದ್ದು. ರೈಫಲ್ ಜತೆಗೆ ರೂಗರ್‌ನ 10 ತೋಟಾದ ಮೂರು ಮ್ಯಾಗಜೀನ್ ತಗೊಳ್ಳಿ. ಮಾರ್ಕರ್‌ನಿಂದ 1, 2, 3 ಎಂದು ಬರೆಯಿರಿ. ನಾಲ್ಕು ಬಗೆಯ ತೋಟಾ ತನ್ನಿ, ಒಂದೊಂದು ಪೆಟ್ಟಿಗೆ ಸಾಕು, ಒಂದು ಮಿನಿ-ಮ್ಯಾಗ್ ಇರಲಿ. ಹೊಸ ರೈಫಲ್‌ಗೆ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಒರೆಸಿಕೊಂಡು ಹೋಗಿ. ಮಗಳ ಕೈಗೆ ನೋಟ್‌ಬುಕ್ ಕೊಡಿ. ಪ್ರತಿ ಸಲ ಸಿಕ್ಕಿಕೊಂಡಾಗ ಯಾವ ಮ್ಯಾಗಜೀನ್, ಯಾವ ತೋಟಾ, ಎಷ್ಟನೆಯ ಈಡು ಎಂದು ಬರೆಯಲಿ. 200 ಈಡು ಆಗುವ ಹೊತ್ತಿಗೆ ವಿಷಯ ತಾನೇ ತಿಳಿಯುತ್ತದೆ. ತೊಂದರೆ ಒಂದೇ ನಂಬರಿನ ಮ್ಯಾಗಜೀನ್‌ನಲ್ಲಿ ಬಂದರೆ ಅದನ್ನು ಪಕ್ಕಕ್ಕಿಡಿ. ಒಂದೇ ಬಗೆಯ ತೋಟಾದಲ್ಲಿ ಬಂದರೆ ಅದನ್ನು ಇನ್ನು ಕೊಳ್ಳಬೇಡಿ. ಎಲ್ಲ ಮ್ಯಾಗಜೀನ್, ಎಲ್ಲ ತೋಟಾದಲ್ಲೂ ಬಂದರೆ ಆಗ ರೈಫಲ್‌ದೇ ದೋಷ. ಕಂಪನಿಗೆ ಫೋನ್ ಮಾಡಿ. ರೂಗರ್ ಲಿಖಿತ ವಾರಂಟಿ ಕೊಡುವುದಿಲ್ಲ, ಆದರೆ ರಿಪೇರಿ ವಿಷಯದಲ್ಲಿ ಅವರ ಸೇವೆಗೆ ಮಾಲೀಕರ ನಡುವೆ ಒಳ್ಳೆಯ ಹೆಸರಿದೆ. ಈ ನೋಟ್‌ಬುಕ್ ಕೈಯಲ್ಲಿದ್ದರೆ ಅವರಿಗೂ ಕೆಲಸ ಸುಲಭ.

ಹಳೆಯದು ಸಿಕ್ಕಿದರೆ ಬೇಡ ಅನ್ನಬೇಡಿ. ಒಳಗೆ ಏನೂ ಬದಲಾಯಿಸಿಲ್ಲದ, ನಳಿಗೆಯ ಬಾಯಿ ಹಾಳಾಗಿಲ್ಲದ ಹಳೆಯ ಕಾರ್ಬೈನ್ ಹೊಸದಕ್ಕೆ ಸರಿಸಮ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಯಾರೋ ಗೊತ್ತಿಲ್ಲದವರು ಬಿಚ್ಚಿದ್ದಾರೆ ಎಂದು ತಿಳಿದು ಬಿಟ್ಟುಬಿಡಿ.

ಕಾನೂನು. ಗ್ರೀನ್ ಕಾರ್ಡ್ ಇರುವವರು ಪರವಾನಗಿ ಇರುವ ಅಂಗಡಿಯಲ್ಲಿ ಬಂದೂಕು ಖರೀದಿಯ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಅಂಗಡಿಯಿಂದ ರೈಫಲ್ ಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ 18 ವರ್ಷ ಆಗಿರಬೇಕು. ರಾಜ್ಯಗಳ ನಿಯಮ ಬೇರೆ ಇರುತ್ತದೆ. ಸಿಯಾಟಲ್ ಕಡೆಯ ಓದುಗರು ಗಮನಿಸಿ, ವಾಷಿಂಗ್ಟನ್ ರಾಜ್ಯದಲ್ಲಿ 2018ರ ಜನಮತದಿಂದ ಬಂದ ಕಾನೂನಿನ ಪ್ರಕಾರ ಈ ಪುಟ್ಟ .22 ಸೇರಿದಂತೆ ಯಾವುದೇ ಸೆಮಿ-ಆಟೊಮ್ಯಾಟಿಕ್ ರೈಫಲ್ ಕೊಳ್ಳಲು 21 ಆಗಿರಬೇಕು. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಇಟ್ಟರೆ ಅಪರಾಧ. ನಿಮ್ಮ ಮಗಳು ದೊಡ್ಡವಳು, ಆದರೆ ಹಬ್ಬಕ್ಕೆ ಮನೆ ತುಂಬ ಮಕ್ಕಳು ಬರುತ್ತಾರಲ್ಲ. ರೈಫಲ್ ಬೀಗದಲ್ಲಿರಲಿ, ತೋಟಾ ಬೇರೆ ಬೀಗದಲ್ಲಿರಲಿ.

ಭಾವಮೈದನ ವಿಷಯದಲ್ಲಿ ನನ್ನ ಉತ್ತರ: ಸದ್ಯಕ್ಕೆ ಬೇಡ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾವಾಗಲಿ ಹೊಂದುವುದು ಕೇಂದ್ರ ಕಾನೂನಿನಲ್ಲಿ ನಿಷೇಧ. ರೇಂಜಿನಲ್ಲಿ ಅರ್ಧ ಗಂಟೆ ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ ಆಗಬಹುದು. ಕೆಲವು ವಿನಾಯಿತಿ ಇವೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಇರುವವರಿಗೆ ಅವಕಾಶ ಇದೆ. ಅವರು ಆ ದಾರಿಯಲ್ಲಿ ಹೋಗುವುದಾದರೆ ಮೊದಲು ವಲಸೆ ವಕೀಲರನ್ನು ಕೇಳಲಿ. ಒಂದು ಸಂಜೆಯ ಮೋಜಿಗೆ ವೀಸಾ, ಕೆಲಸ, ಮನೆಮಂದಿಯ ನೆಲೆ ಎಲ್ಲ ಪಣಕ್ಕಿಡಬಾರದು. ‘ಏನಾಗಲ್ಲ ಬಿಡಿ’ ಎನ್ನುವ ಗೆಳೆಯರು ಆಮೇಲೆ ಜತೆಗೆ ನಿಲ್ಲುವುದಿಲ್ಲ.

ಊರಿಗೆ ಹೋಗುವವರೆಲ್ಲರಿಗೂ ಒಂದು ಮಾತು. .22 ತೋಟಾ ಒಂದಿಂಚು ಉದ್ದ ಅಷ್ಟೇ. ಬ್ಯಾಗಿನ ಹೊಲಿಗೆಯ ಮೂಲೆಯಲ್ಲಿ ಸೇರಿಕೊಂಡರೆ ಗೊತ್ತೇ ಆಗುವುದಿಲ್ಲ. ಭಾರತದ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರಿಗೆ ಒಂದೇ ಒಂದು ಜೀವಂತ ತೋಟಾ ಸಿಕ್ಕಿದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು, ಪ್ರಯಾಣ ಅಲ್ಲಿಗೇ ನಿಲ್ಲಬಹುದು. ರೇಂಜಿಗೆ ಒಂದು ಬ್ಯಾಗ್ ಮೀಸಲಿಡಿ. ಅದರಲ್ಲಿ ಬೇರೆ ಏನನ್ನೂ ಒಯ್ಯಬೇಡಿ, ವಿಮಾನಕ್ಕಂತೂ ಬೇಡವೇ ಬೇಡ. ರೇಂಜಿಗೆ ಹಾಕಿಕೊಂಡ ಜಾಕೆಟ್ಟಿನ ಜೇಬನ್ನೂ ತಿರುವಿ ನೋಡಿ.